ಇಲಿ ಬಿತ್ತು

"ಮನೇಲಿ ಇಲಿ ಕಾಟ ಇದೆಯೇನಮ್ಮ?" ಡಾಕ್ಟರು ಮತ್ತೆ ಕೇಳಿದರು.

"ಇಲ್ಲ ಸಾ," ಎಂದಳು ಮಲ್ಲಿಗಮ್ಮ.

ಮಂಚದ ಮೇಲೆ ಮಗಳು ಸಂಘಮಿತ್ರಾ ಜ್ವರದಲ್ಲಿ ಬೇಯುತ್ತಿದ್ದಳು. ಕಣ್ಣೆಲ್ಲ ಹಳದಿ; ಮೀನಖಂಡ ಮುಟ್ಟಿದರೆ ಚೀರುತ್ತಿದ್ದಳು. ಕಾಮಾಲೆಯೆಂದು ನಾಟಿ ಔಷಧಿ ಕುಡಿಸಿ, ಅದೂ ನಾಟದೆ, ಅರಕಲಗೂಡಿನ ಆಸ್ಪತ್ರೆಗೆ ಕರೆತರುವ ಹೊತ್ತಿಗೆ ಮೂತ್ರವೇ ಕಟ್ಟಿಹೋಗಿತ್ತು.

ಊರ ಹಿಂದಿನ ಗುಡ್ಡದ ಕುರುಚಲು ಕಾಡನ್ನು ಜೆಸಿಬಿ ತಂದು ಬೋಳಿಸಿ ಶುಂಠಿ ಹಾಕಿದ್ದರು. ಅಲ್ಲಿದ್ದ ಮುಂಗುಸಿ, ಗೂಬೆ, ಕಾಡುಬೆಕ್ಕು ಎತ್ತ ಹೋದವೋ ಯಾರೂ ಕಾಣರು. ಇಲಿಗಳಿಗೆ ಮಾತ್ರ ಹೇಳೋರು ಕೇಳೋರು ಇಲ್ಲದಂತಾಯಿತು. ಶುಂಠಿ ಮಡಿಯಲ್ಲೂ ಅವೇ, ಮನೆ ಅಟ್ಟದಲ್ಲೂ ಅವೇ. ಹೋದ ವಾರ ಒಂದು ಇಲಿ ಒಲೆಯ ಮುಂದೆ ಸತ್ತು ಬಿದ್ದಿತ್ತು. ಈ ಸೀಮೆಯಲ್ಲಿ 'ಇಲಿ ಬಿತ್ತು' ಎಂದರೆ ಪ್ಲೇಗು ಬಂತು, ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿ ಎಂದರ್ಥ.

"ಬಾಯ್ಬುಟ್ಟೀಯ, ಉಸಾರು!" ಎಂದಿದ್ದ ಗಂಡ ಗಂಗಯ್ಯ. "ಮೊದ್ಲೇ ನಮ್ಮುನ್ನ ದೂರ ಮಡಗವ್ರೆ. ಇನ್ನು ನಲ್ಲಿ ತಾವ್ಕೂ ಸೇರ್ಸಾಕಿಲ್ಲ."

ಈಗಲೂ ಬಾಗಿಲ ಬಳಿ ನಿಂತು ಕಣ್ಣಲ್ಲೇ ಗದರುತ್ತಿದ್ದ. ಆಡಿದರೆ ಊರು ಕೈಬಿಡುತ್ತದೆ, ಆಡದಿದ್ದರೆ ಮಗಳೇ ಕೈತಪ್ಪುತ್ತಾಳೆ.

"ಅವ್ವಾ..." ಎಂದಳು ಸಂಘಮಿತ್ರಾ.

"ಸುಳ್ಳು ಯೋಳ್ದೆ ಸಾ. ಇಲಿ ಬಿತ್ತು. ನಮ್ಮನೇಲೇ ಬಿತ್ತು."

ಗಂಗಯ್ಯ ತಲೆಯ ಮೇಲೆ ಕೈ ಹೊತ್ತ. ಡಾಕ್ಟರು ಮಾತ್ರ ಗಾಬರಿಯಾಗಲಿಲ್ಲ.

"ಸತ್ತದ್ದು ಇರಲಿ ಬಿಡಮ್ಮ, ಇದು ಪ್ಲೇಗಲ್ಲ. ಬದುಕಿರೋ ಇಲಿಗಳ ಉಚ್ಚೆ ಕೆಸರಿಗೆ ಸೇರುತ್ತೆ, ಕಾಲಿನ ಗಾಯದಿಂದ ಒಳಗೆ ಹೋಗುತ್ತೆ. ಇಲಿಜ್ವರ ಅಂತಾರೆ. ಇವಳು ಕೆಸರಿಗೆ ಇಳೀತಿದ್ಲಾ?"

"ಶುಂಠಿ ಕಳೆ ಕೀಳ್ತಿದ್ಲು ಸಾ, ಬರಿಗಾಲಲ್ಲಿ. ನಮ್ಮೂರ ಎಣ್ಣೈಕ್ಳೆಲ್ಲ ಅಲ್ಲೇ ಅವ್ರೆ."

"ಮೊದಲು ಅವರನ್ನ ಬಿಡಿಸಿ," ಎಂದ ಡಾಕ್ಟರು ಇಂಜೆಕ್ಷನ್ ಕೊಟ್ಟು, ಹಾಸನಕ್ಕೆ ಸಾಗಿಸಲು ಆಂಬುಲೆನ್ಸ್ ಕರೆಸಿದರು.

"ಉಳೀತಾಳಾ ಸಾ?"

"ತಡವಾಗಿದೆ. ನೋಡೋಣ."

ಮಲ್ಲಿಗಮ್ಮ ಗಂಡನ ಕಡೆ ತಿರುಗಿದಳು. "ಊರ್ಗೋಗು. ಆ ಐಕ್ಳ ಕೆಸ್ರಿಂದ ಎಬ್ಬುಸ್ಕೊಂಡ್ ಬಾ. ಇಲಿ ಬಿತ್ತು ಅಂತ ಕೂಗು."

"ಪ್ಲೇಗಲ್ಲ ಅಂದ್ರಲ್ಲಮ್ಮಿ?"

"ಇಲಿಜ್ವರ ಅಂದ್ರೆ ಯಾರ್ ಕೇಳಾರು? ಇಲಿ ಬಿತ್ತು ಅನ್ನು. ಗಂಗಯ್ಯನ ಮನೇಲೇ ಬಿತ್ತು ಅನ್ನು. ಆಗ್ಲೇ ಓಡೋದು."

ಗಂಗಯ್ಯ ಪಂಚೆ ಎತ್ತಿ ಕಟ್ಟಿ ಬಸ್‌ಸ್ಟ್ಯಾಂಡಿನ ಕಡೆ ಓಡಿದ.

ಮಲ್ಲಿಗಮ್ಮ ಮಗಳ ಕಾಲಬಳಿ ಕೂತು, ಹಿಮ್ಮಡಿಯ ಬಿರುಕುಗಳಲ್ಲಿ ಒಣಗಿದ್ದ ಕೆಂಪು ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸತೊಡಗಿದಳು.