ಒಂದು ಪ್ಯಾಚಿಗೆ ಒಂದೇ ಕೆಲಸ

"ಒಂದು ಪ್ಯಾಚಿಗೆ ಒಂದೇ ಕೆಲಸ" ಎಂದು ಬರೆದು ಸಾನಾ ನನ್ನ ಪ್ಯಾಚನ್ನು ವಾಪಸ್ ಕಳಿಸಿದಳು. ಕಣ್ಣು ಕಾಣದವರಿಗೆ ಮೆಸೇಜು, ಕರೆ ಎಲ್ಲ ಹೇಳುವ ಆ್ಯಪ್ ಅದು. ಅದರ ಕೋಡನ್ನು ಯಾರು ಬೇಕಾದರೂ ತಿದ್ದಿ, ಆ ತಿದ್ದುಪಡಿಯನ್ನು ಪ್ಯಾಚು ಮಾಡಿ ಕಳಿಸಬಹುದು; ಚನ್ನಪಟ್ಟಣದ ಸಾನಾ ನೋಡಿ ಸೇರಿಸುತ್ತಾಳೆ. ಕನ್ನಡ ಅಂಕಿ ಬಂದರೆ ಸಾಕು, ದರಿದ್ರದ್ದು ಬಾಯಿ ಮುಚ್ಚಿಕೊಳ್ಳುತ್ತಿತ್ತು. ನಮ್ಮಜ್ಜಿ ದೊಡ್ಡಲಕ್ಷ್ಮಮ್ಮನಿಗಾಗಿ ನಾನೇ ಕೂತು ಸರಿಮಾಡಿದ್ದೆ. ನನ್ನ ಮೊದಲ ಪ್ಯಾಚು, ಏನು ಜಂಬ ಅಂತೀರಿ!

ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆಯನ್ನು ರೆಂಬೆ ಸಮೇತ ಕೊಯ್ದು ಹಾಕುವವರು ನಾವು. ಅದೇ ಚಾಳಿಯಲ್ಲಿ ನನ್ನ ಬದಲಾವಣೆಗಳನ್ನೂ ಆರಿಸದೆ ಒಂದೇ ಕಂತೆ ಕಟ್ಟಿ ಕಳಿಸಿದ್ದೆ. ಸಾನಾ ಕೇಳಿದ್ದಳು: "ಈ ಒಂದು ನಂಬರಿನದು ಓದಬೇಡ, ರಿಂಗ್ ಮಾಡಬೇಡ ಅಂತ ಸಾಲು ಯಾಕಿದೆ?"

ಅದು ಗಂಗಹನುಮಯ್ಯ ಚಿಕ್ಕಪ್ಪನ ನಂಬರು. ಜಮೀನಿನಲ್ಲಿ ಭಾಗ ಕೇಳಿ, ಅಪ್ಪನ ಜೊತೆ ಜಗಳವಾಡಿ, ಹಾರೋಹಳ್ಳಿ ಸೇರಿದ್ದಾನೆ.

"ಅವ್ನ ಮಾತು ಅವ್ವನ ಕಿವಿಗ್ ಬೀಳ್ಬಾರ್ದು, ಕರಗೋಯ್ತಳೆ. ಹಂಗ್ ಮಾಡ್ಕೊಡು. ಇಲ್ದಿದ್ರೆ ನಿನ್ ಲ್ಯಾಪ್‌ಟಾಪು ಬಾವಿಗೆ," ಎಂದಿದ್ದ ಅಪ್ಪ. ಮಾಡಿಕೊಟ್ಟಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಆ ಸಾಲನ್ನು ಅಳಿಸಿ ಮತ್ತೆ ಕಳಿಸಿದೆ. ಹಾಗೆ ಅಳಿಸಿದರೆ ಸಾಲದು, ಹಳೆಯ ಕಮಿಟ್‌ನಲ್ಲಿ, ಅಂದರೆ ಹಿಂದಿನ ಬದಲಾವಣೆಯ ದಾಖಲೆಯಲ್ಲಿ, ನಂಬರು ಉಳಿದೇ ಇರುತ್ತದೆ ಎಂದಳು ಸಾನಾ. ಹೊಸ ಬ್ರಾಂಚ್, ಅಂದರೆ ಕೋಡಿನ ಬೇರೆಯದೇ ಪ್ರತಿ, ತೆರೆದು ಅಂಕಿಯ ತಿದ್ದುಪಡಿಯನ್ನಷ್ಟೇ ಆರಿಸಿ ಹಾಕಿದೆ. "ಈಗ ಚೊಕ್ಕಟ" ಎಂದು ಒಪ್ಪಿಕೊಂಡಳು. ಇನ್ನು ಊರವರ ಫೋನಿನಲ್ಲೆಲ್ಲ ಅದು ಎಲ್ಲವನ್ನೂ ಓದುತ್ತದೆ. ಅಜ್ಜಿಯ ಫೋನಿನಲ್ಲಿ ಮಾತ್ರ ಆ ಸಾಲಿದ್ದ ನನ್ನ ಹಳೆಯ ಬ್ರಾಂಚೇ ಇತ್ತು. ಆ ಫೋನಿಗೆ ಚಿಕ್ಕಪ್ಪನ ಮೆಸೇಜುಗಳು ದಿನಾ ಸದ್ದಿಲ್ಲದೆ ಬಂದು ಬೀಳುತ್ತಿದ್ದವು: "ಅವ್ವಾ, ಉಂಡ್ಯಾ?"

ಪ್ಯಾಚು ಸೇರಿದ ಸುದ್ದಿಗೆ ಅಜ್ಜಿ ಹಿಗ್ಗಿಹೋದಳು.

"ಈಗ ಯಾರ್ ಏನ್ ಕಳ್ಸುದ್ರೂ ಓದ್ತದಾ, ಭಾನು?"

ಸೊಪ್ಪು ಹರವುತ್ತಿದ್ದ ಅಪ್ಪ ಕೈ ನಿಲ್ಲಿಸಿ ನನ್ನನ್ನೇ ನೋಡಿದ.

"ಹೂಂ ಕಣಜ್ಜಿ, ಓದ್ತದೆ."

"ಒಂದೂ ಬುಡಲ್ವಾ?"

"ಬುಡಲ್ಲ."

ಅಜ್ಜಿ ಫೋನನ್ನು ಸೆರಗಿನಲ್ಲಿ ಒರೆಸಿ ದಿಂಬಿನ ಕೆಳಗಿಟ್ಟಳು.

"ಹಂಗಾದ್ರೆ ಗಂಗ ನನ್ನ ಮರ್ತೇಬುಟ್ಟವ್ನೆ, ಬುಡು," ಎಂದಳು.