ಸೊಸೆಯ ಹೆರಳು, ಮಾವನ ಮೀಸೆ

ಸಾವಳಗಿಯ ಗಿರಮಲ್ಲಪ್ಪನಿಗೆ ಎರಡೇ ವಿಷಯದಲ್ಲಿ ಸೊಕ್ಕು: ಒಂದು ತನ್ನ ಮೀಸೆ, ಇನ್ನೊಂದು ತನ್ನ ಕುರಿಗಳ ಉಣ್ಣೆ. ಇವೆರಡನ್ನು ಬಿಟ್ಟು ಬೇರೆ ಏನನ್ನಾದರೂ ಬೈಯಿರಿ, ನಕ್ಕು ಸುಮ್ಮನಾಗುವ ಮನುಷ್ಯ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಾಗಲೂ ಅವನು ಕೇಳಿದ್ದು ಒಂದೇ ಮಾತು: "ಹೊಸಾ ಸರಕಾರದವ್ರು ಕಂಬಳಿ ಹೊದೀತಾರೋ ಇಲ್ಲೋ?"

ಅದಾದ ಎರಡು ವರ್ಷಕ್ಕೆ ಮಗ ಧರೆಪ್ಪನಿಗೆ ತೇರದಾಳದಿಂದ ಸತ್ಯವ್ವನನ್ನು ತಂದುಕೊಂಡರು. ಹುಡುಗಿಯ ಮಾತು ಎಷ್ಟು ಗಿಡ್ಡವೋ ಕೂದಲು ಅಷ್ಟು ಉದ್ದ. ಹೆರಳು ಮೊಣಕಾಲು ಮುಟ್ಟುತ್ತದೆಂದು ಹೆಂಡತಿ ಸಿದ್ದಕ್ಕ ಹೇಳಿದ್ದಳೇ ಹೊರತು ಗಿರಮಲ್ಲಪ್ಪ ಅದನ್ನು ಕಂಡವನಲ್ಲ. ಮಾವನೆದುರು ಸೊಸೆ ತಲೆಯ ಸೆರಗು ಸರಿಸುವಂತಿರಲಿಲ್ಲ, ನೇರವಾಗಿ ಮಾತಾಡುವಂತೆಯೂ ಇರಲಿಲ್ಲ. ಏನಿದ್ದರೂ ಸಿದ್ದಕ್ಕನ ಬಾಯಿಂದಲೇ ಬರಬೇಕು. ಆದರೂ ಮಗಳಿಲ್ಲದ ಆ ಮನೆಯಲ್ಲಿ ಸೊಸೆಯ ಬಳೆಗಳ ಸಪ್ಪಳ ಕೇಳಿದರೆ ಸಾಕು, ಮುದುಕನ ಕಂಬಳಿ ಮಗ್ಗ ಚುರುಕಾಗುತ್ತಿತ್ತು. ಆ ಅಕ್ಕರೆಯಲ್ಲೇ ಅವನು ಮರಿಗಳ ಮೊದಲ ಕತ್ತರಿಯ ಉಣ್ಣೆಯನ್ನು ಆರಿಸಿ, ತಾನೇ ನೂತು, ತುದಿಗೆ ಕರಿ-ಬಿಳಿ ಗೊಂಡೆ ಇಟ್ಟು, ಅವಳ ಹೆರಳಿಗೊಂದು ದಾರ ಹೊಸೆದ.

"ಇಷ್ಟ ಮೆತ್ತಂದು ಮುಂಬೈದಾಗೂ ಸಿಗಂಗಿಲ್ಲ ಅಂತ ಹೇಳು ಆಕಿಗೆ," ಎಂದು ಹೆಂಡತಿಯ ಕೈಗೆ ಕೊಟ್ಟ.

ಸತ್ಯವ್ವ ಕಟ್ಟಿಕೊಂಡಳು. ಧರೆಪ್ಪ ಕುರಿ ಹೊಡೆದುಕೊಂಡು ಹೊಳೆಸಾಲಿನ ಕಡೆ ಹೋದ. ಮುದುಕ ತನ್ನ ಪಾಡಿಗೆ ಕಂಬಳಿ ನೇಯುತ್ತ ಕೂತ.

ತಿಂಗಳು ಕಳೆದ ಮೇಲೆ ಒಂದು ದಿನ ಬೆಳಿಗ್ಗೆ ಒಳಗಿನ ಕೋಣೆಯಿಂದ ಸಿದ್ದಕ್ಕನ ಚೀರು ಕೇಳಿಸಿತು. ಸೊಸೆಯ ತಲೆಗೆ ಎಣ್ಣೆ ಹಚ್ಚಲು ಕೂತವಳಿಗೆ ಹಿಂಗತ್ತಿನ ಹತ್ತಿರ ಮುಷ್ಟಿ ಗಾತ್ರದ ಗಂಟು ಸಿಕ್ಕಿತ್ತು. ಜರಡಿ ಕೇಳಲು ಬಂದಿದ್ದ ನೆರೆಮನೆಯ ಹಣಮವ್ವ ಅದನ್ನು ಮುಟ್ಟಿ ನೋಡಿ ಕೈಮುಗಿದಳು.

"ಇದು ಗಂಟಲ್ಲ ಸಿದ್ದಕ್ಕಾ, ಜಡಿ! ಎಲ್ಲವ್ವ ಬಂದಾಳ. ಬಾಚಣಿಕಿ ಮುಟ್ಟಸಬ್ಯಾಡ. ಇನ್ನ ಇಕಿ ದೇವಿ ಸ್ವತ್ತು, ನಿಮ್ಮ ಮನಿ ಸೊಸಿ ಅಲ್ಲ."

ಆ ಸೀಮೆಯಲ್ಲಿ ಹೆಣ್ಣಿನ ಕೂದಲು ತಾನಾಗಿ ಜಡೆಗಟ್ಟಿತೆಂದರೆ ದೇವಿ ಕರೆದಳೆಂದೇ ತಿಳಿಯುತ್ತಿದ್ದರು. ಎಲ್ಲವ್ವನ ಗುಡ್ಡಕ್ಕೆ ಕರೆದೊಯ್ದು ಒಪ್ಪಿಸಿದರೆ ಮುಗಿಯಿತು; ಗಂಡ, ಮನೆ ಎಲ್ಲ ಬಿಟ್ಟು ದೇವಿಯ ಬುಟ್ಟಿ ಹೊತ್ತು ಊರೂರು ತಿರುಗಬೇಕು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಗಿರಮಲ್ಲಪ್ಪ ಲಾಳಿ ಕೆಳಗಿಟ್ಟ. ಒಳಗೆ ಸತ್ಯವ್ವ ಬಿಕ್ಕುತ್ತಿದ್ದಳು.

"ಲೇ, ಅದು ಕೈಗೆ ಹೆಂಗ ಹತ್ತತೈತಿ?" ಎಂದು ಗೋಡೆಯ ಈಚೆಯಿಂದಲೇ ಕೂಗಿದ.

"ಹೆಂಗಂದ್ರ... ತೊಯಿಸಿ ತುಳದ ಕಂಬಳಿ ಹಂಗ ಐತ್ರೀ," ಎಂದಳು ಸಿದ್ದಕ್ಕ.

ಮುದುಕ ಕುಣಿಯಿಂದ ಎದ್ದುನಿಂತ. ಬಿಸಿನೀರು ಬಿದ್ದು ತಿಕ್ಕಾಟವಾದರೆ ಉಣ್ಣೆ ಸಿಕ್ಕಿದ್ದನ್ನೆಲ್ಲ ಅಪ್ಪಿಕೊಂಡು ಗಟ್ಟಿಯಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ತಲಿ ಎರಕೊಳ್ಳುವಾಗ ದಾರಾ ಬಿಚ್ಚತಾಳೋ ಇಲ್ಲೋ, ಕೇಳು."

ಒಳಗೆ ಗುಸುಗುಸು ನಡೆಯಿತು. "ಬಿಚ್ಚಿಲ್ಲಂತ್ರೀ. ಬುಡಕ್ಕ ಕಟ್ಟಿದ್ದು ಹಂಗ ಬಿಟ್ಟು, ಕೆಳಗಿಂದಷ್ಟ ಬಾಚಕೊಂಡಾಳ. ಜಗ್ಗತಿತ್ತಂತ, ಮಲಗಿದ್ರ ಚುಚ್ಚತಿತ್ತಂತ. ಆದ್ರೂ ಮಾವಾರು ಕೈಯಾರೆ ಮಾಡಿದ್ದು, ತಗದಿಟ್ರ ಅವ್ರಿಗೆ ಬ್ಯಾಸರಾಗತೈತಿ ಅಂತ..."

"ನೋವಾದ್ರ ಯಾಕ ಹೇಳಲಿಲ್ಲಂತ?"

ಗಿರಮಲ್ಲಪ್ಪ ಗೋಡೆಯ ಹತ್ತಿರ ಸರಿದ. ತನ್ನ ಉಣ್ಣೆಯ ಹೊಗಳಿಕೆ ಕೇಳಿ ಕೇಳಿ ಊರಿಗೇ ಸಾಕಾಗಿತ್ತು; ಈಗ ಅದೇ ಉಣ್ಣೆಯ ದೂರನ್ನು, ಅದೂ ಊರಿಗೆಲ್ಲ ಸುದ್ದಿ ಹಂಚುವ ಹಣಮವ್ವನ ಮುಂದೆ, ತಾನೇ ಹೇಳಬೇಕಿತ್ತು. ಹೇಳದಿದ್ದರೆ ಹುಡುಗಿ ಕೈಬಿಟ್ಟು ಹೋಗುತ್ತಿದ್ದಳು.

"ಹಣಮವ್ವಾ, ಎಲ್ಲವ್ವನ ಮ್ಯಾಲ ಹಾಕಬ್ಯಾಡ. ಇದು ನನ್ನ ಉಣ್ಣಿ ಮಾಡಿದ್ದು."

"ಮುಂಬೈದಾಗೂ ಸಿಗಂಗಿಲ್ಲ ಅಂತಿದ್ದೆಲ್ಲೋ ಯಣ್ಣಾ, ಅಷ್ಟ ಮೆತ್ತಂದು?"

"ಕುರಿಗೆ ಮೆತ್ತಂದವ್ವಾ! ನನ್ನ ತಲ್ಯಾಗ ಬುದ್ಧಿ ಇರಲಿಲ್ಲ. ದೇವಿ ಜಡಿ ಆದ್ರ ಬಿಚ್ಚಂಗಿಲ್ಲ, ನಂದಾದ್ರ ಬಿಚ್ಚತೈತಿ. ನೀನೂ ಕುಂತು ನೋಡು."

ಸೊಸೆಯ ಕೂದಲು ಮುಟ್ಟುವುದಿರಲಿ, ನೋಡುವಂತೆಯೂ ಇಲ್ಲ. ಆದ್ದರಿಂದ ಗೋಡೆಗೆ ಬೆನ್ನು ಹಚ್ಚಿ ಕೂತು ಅಲ್ಲಿಂದಲೇ ಹೇಳಿಕೊಡತೊಡಗಿದ. ನೀರು ಹಚ್ಚಬೇಡ, ಕುಸುಬಿ ಎಣ್ಣೆ ಹಾಕು. ಗಂಟಿನ ಕೆಳಗಿನ ಅಂಚಿನಿಂದ ಬಾ. ಕಡ್ಡಿಯಿಂದ ಎಬ್ಬಿಸು, ಉಣ್ಣೆಯ ಎಳೆ ಸಿಕ್ಕರೆ ಹರಿ, ಕೂದಲು ಸಿಕ್ಕರೆ ಬಿಡು. ಸಿದ್ದಕ್ಕ ಅವಸರ ಮಾಡಿದಾಗ ಬೈದ, ಸತ್ಯವ್ವ "ಸ್ಸ್" ಅಂದಾಗ ತಾನೂ "ಸ್ಸ್" ಅಂದ. ಬಿಸಿಲು ಕಟ್ಟೆಗೆ ಬರುವ ಹೊತ್ತಿಗೆ ಹಣಮವ್ವನೇ ಇನ್ನೊಂದು ಬದಿಯಿಂದ ಬೆರಳು ಹಾಕಿದ್ದಳು.

"ಯವ್ವಾ, ಇಲ್ಲಿ ನೋಡ, ಬಿಳೇ ಉಣ್ಣಿ! ಕಂಬಳಿನ ಐತಲ್ಲ!" ಎಂದು ನಕ್ಕಳು. ಹಾಗೆ ನಕ್ಕವಳು ಮತ್ತೆ ಜಡಿಯ ಮಾತೆತ್ತಲಿಲ್ಲ.

ಹೊತ್ತು ಇಳಿದ ಮೇಲೆ ಸಿದ್ದಕ್ಕ ಕೂಗಿದಳು: "ಬಿಚ್ಚಿತ್ರೀ! ಒಂದೀಟು ಕೂದಲ ಉದರೈತಿ, ಅಷ್ಟ." ಗಿರಮಲ್ಲಪ್ಪ ತಲೆಯ ಪಟಗದ ಸೆರಗಿನಿಂದ ಕಣ್ಣೊರೆಸಿಕೊಂಡ. ಅತ್ತದ್ದಕ್ಕೆ ಅವನಿಗೆ ನಾಚಿಕೆಯೇನೂ ಆಗಲಿಲ್ಲ.

ಮುಂದಿನ ಸಂತೆಯ ದಿನ ಕಂಬಳಿ ಮಾರಲು ಬನಹಟ್ಟಿಗೆ ಹೋದವನು ಅಣ್ಣಾಸಾಹೇಬನ ಅಂಗಡಿಯ ಮುಂದೆ ಕೂತುಬಿಟ್ಟ. ಬಳೆ, ಕುಂಕುಮ, ಹೆರಳಿನ ಸಾಮಾನು ಮಾರುವ ಅಂಗಡಿ ಅದು.

"ಉದ್ದ ಕೂದಲಕ್ಕ ಏನರ ಕೊಡ್ರಿ. ಜಗ್ಗಬಾರದು, ಚುಚ್ಚಬಾರದು, ಹಿಡಕೊಂಡು ಕುಂದ್ರಬಾರದು."

ಅಣ್ಣಾಸಾಹೇಬ ತಗಡಿನ ಕ್ಲಿಪ್ಪು ತೆಗೆದ. ಗಿರಮಲ್ಲಪ್ಪ ಹಿಂದೆಮುಂದೆ ನೋಡದೆ ಅದನ್ನು ತನ್ನ ಬಲಮೀಸೆಗೆ ಸಿಕ್ಕಿಸಿ ಎಳೆದ. ಕಣ್ಣಲ್ಲಿ ನೀರು ಬಂತು, ಕ್ಲಿಪ್ಪಿನ ಜೊತೆ ನಾಲ್ಕು ಕೂದಲೂ ಬಂದವು. ಪಿನ್ನು ತುಟಿಗೆ ಚುಚ್ಚಿತು. ರಬ್ಬರಿನ ಪಟ್ಟಿಯಂತೂ ಒಂದು ಗೊಂಚಲನ್ನೇ ಕಿತ್ತುಕೊಂಡು ಹೋಯಿತು.

"ಯಾರಿಗೋ ಮಾರಾಯಾ, ಹಿಂಗ ಮೀಸಿ ಹಾಳ ಮಾಡಕೊಳ್ಳಾಕತ್ತೀ?"

"ಮಗಳಿಗ್ರೀ," ಎಂದ ಗಿರಮಲ್ಲಪ್ಪ.

ಅಣ್ಣಾಸಾಹೇಬ ಒಳಗೆ ಹೋಗಿ, ಸೀರೆ ನೇಯುವವರ ಮಗ್ಗದಲ್ಲಿ ಉಳಿದ ರೇಷ್ಮೆ ಎಳೆಗಳಿಂದ ಹೆಣೆದ ಅಗಲವಾದ ದಾರ ತಂದ. ಗಿರಮಲ್ಲಪ್ಪ ಉಳಿದ ಮೀಸೆಗೆ ಅದನ್ನು ಕಟ್ಟಿ, ಎಳೆದು, ತಿರುವಿ, ಮೇಲೆ ನೀರನ್ನೂ ಚಿಮುಕಿಸಿ ಕಾದ. ದಾರ ಒಂದು ಕೂದಲನ್ನೂ ಹಿಡಿಯದೆ ಜಾರಿ ಕೈಗೆ ಬಂತು.

ಮನೆಗೆ ಬಂದು ಅದನ್ನು ಸಿದ್ದಕ್ಕನ ಕೈಗಿಟ್ಟ. "ಬುಡಕ್ಕ ಸಡಲ ಕಟ್ಟಬೇಕು, ತಲಿ ಎರಕೊಳ್ಳುವಾಗ ಬಿಚ್ಚಬೇಕು ಅಂತ ಹೇಳು ಆಕಿಗೆ. ಹಂಗ..."

ಸಿದ್ದಕ್ಕ ದಾರ ನೋಡಲೇ ಇಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದಳು. "ಮೀಸಿ ಎಲ್ಲಿ ಹೋತ್ರೀ, ಬಲಗಡಿದು?"

ಬಾಗಿಲ ಹಿಂದೆ ಕಿಸಕ್ಕನೆ ನಗು ಕೇಳಿಸಿತು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಸತ್ಯವ್ವ ದನಿ ತೆಗೆದು ನಕ್ಕದ್ದು ಅದೇ ಮೊದಲು. ನಗು ನಿಂತಿತು, ಬಳೆಗಳು ಸದ್ದು ಮಾಡಿದವು. ಸಿದ್ದಕ್ಕನ ಬಾಯಿಗೆ ಕಾಯದೆ ಅವಳೇ ಹೇಳಿದಳು:

"ಮಾವಾರ, ಇನ್ಮ್ಯಾಲ ನೋವಾದ್ರ ಹೇಳತೇನ್ರಿ."