ಎಡ ದವಡೆಯ ಎಡವಟ್ಟು

ನಮ್ಮ ಹಲ್ಲಿನ ಡಾಕ್ಟರಿಗೆ ಒಬ್ಬ ಭಾಮೈದ ಇದ್ದಾನೆ. ಕಂಪ್ಯೂಟರ್ ವಿಷಯದಲ್ಲಿ ಮಹಾಪಂಡಿತ; ಅವನು ಕೈಯಿಟ್ಟ ಮೇಲೆ ಯಾವ ಯಂತ್ರವೂ ಮೊದಲಿನಂತೆ ಉಳಿದದ್ದಿಲ್ಲ. ನಾನು ಆ ಕ್ಲಿನಿಕ್ಕಿನಲ್ಲಿ ಬಾಗಿಲ ಪಕ್ಕದ ಮೇಜಿನವಳು. ರೋಗಿಗಳ ಹೆಸರು ಬರೆಯುವುದು, ಎಕ್ಸ್‌ರೇ ತೆರೆದುಕೊಡುವುದು, ಡಾಕ್ಟರ ತಪ್ಪಿಗೆ ಬೈಸಿಕೊಳ್ಳುವುದು, ಎಲ್ಲ ನನ್ನದೇ.

ಮೊನ್ನೆ ಈ ಮಹಾನುಭಾವ ತನ್ನ ಸೆಲ್ಫಿ ನೋಡಿಕೊಳ್ಳಲೆಂದು ಕ್ಲಿನಿಕ್ಕಿನ ಕಂಪ್ಯೂಟರಿಗೆ ಹೊಸ ಫೋಟೋ ಆ್ಯಪ್ ತುಂಬಿದ. ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ತೋರಿಸುವುದು ಅದರ ವಿಶೇಷವಂತೆ. ಬಂದ ಕೂಡಲೇ ಅದು, ಇನ್ನು ಮೇಲೆ ಚಿತ್ರಗಳನ್ನೆಲ್ಲ ನಾನೇ ತೆರೆಯಲೇ ಎಂದು ಕೇಳಿತು. ಡಾಕ್ಟರು ಪ್ರಶ್ನೆ ಓದುವ ಪೈಕಿ ಅಲ್ಲ. ‘ಹೌದು’ ಒತ್ತಿದರೆ ಪೀಡೆ ತೊಲಗುತ್ತದೆ ಎಂಬುದು ಅವರ ಜೀವನಸಿದ್ಧಾಂತ. ಒತ್ತಿದರು.

ಕಂಪ್ಯೂಟರಿನದೂ ಘನವಾದ ಬುದ್ಧಿಯೇ. ಫೈಲಿನ ಹೊಟ್ಟೆಯಲ್ಲಿ ಏನಿದೆ ಎಂದು ನೋಡುವ ಗೋಜಿಗೆ ಅದು ಹೋಗುವುದಿಲ್ಲ. ಹೆಸರಿನ ಕೊನೆಯಲ್ಲಿ, ಚುಕ್ಕೆಯ ಆಚೆಗಿರುವ ಬಾಲ ನೋಡುತ್ತದೆ. ಈ ಬಾಲದವರೆಲ್ಲ ಇಂಥವರ ಮನೆಗೆ ಎಂದು ಅಟ್ಟುತ್ತದೆ. ಸೆಲ್ಫಿಗೂ ನಮ್ಮ ಎಕ್ಸ್‌ರೇಗೂ ಒಂದೇ ಬಾಲ. ಹೀಗಾಗಿ ಊರವರ ಹುಳುಕು ಹಲ್ಲುಗಳೆಲ್ಲ ಸೆಲ್ಫಿ ಆ್ಯಪಿನ ಪಾಲಾದವು.

ಅದಾದ ಮೇಲೆ ಹಲ್ಲು ಕೀಳಿಸಿಕೊಳ್ಳುವ ಕುರ್ಚಿಯಲ್ಲಿ ಮೊದಲು ಬಂದು ಕೂತವರು, ನನ್ನ ಪುಣ್ಯಕ್ಕೆ, ನನ್ನ ಅತ್ತೆ.

ಅತ್ತೆಗೆ ಬಲ ದವಡೆಯಲ್ಲಿ ನೋವು. ಎಡ ದವಡೆಯಲ್ಲಿ ಉಳಿದಿದ್ದ ಒಂದೇ ಒಂದು ಗಟ್ಟಿ ಹಲ್ಲಿನ ಮೇಲೆ ಅವರ ಊಟ ನಡೆದಿತ್ತು. ಅದೂ ಹೋದರೆ ಎಲ್ಲವನ್ನೂ ಅರೆದು ಕುಡಿಸುವುದೇ ಗತಿ. ಡಾಕ್ಟರು ಪರದೆ ನೋಡಿ, ಎಡಗಡೆಯದನ್ನು ಕೀಳಬೇಕು ಎಂದರು. ನೋವು ಬಲಗಡೆ ಎಂದು ಅತ್ತೆ ಹೇಳಿದರು. ಡಾಕ್ಟರು ಚಿಕ್ಕ ಮಗುವನ್ನು ನೋಡಿದಂತೆ ನಕ್ಕರು.

“ನೋವು ಎಲ್ಲಿದೆ ಅಂತ ನಿಮಗಿಂತ ಕಂಪ್ಯೂಟರ್‌ಗೆ ಚೆನ್ನಾಗಿ ಗೊತ್ತಮ್ಮ.”

ಬಾಯೊಳಗೆ ಒಮ್ಮೆ ಸರಿಯಾಗಿ ಇಣುಕಬಹುದಿತ್ತು. ಆದರೆ ಅಷ್ಟು ದೊಡ್ಡ ಯಂತ್ರ ತಂದಿಟ್ಟ ಮೇಲೆ ಬಾಯಿ ನೋಡುವುದು ಯಂತ್ರಕ್ಕೆ ಅವಮಾನವಲ್ಲವೇ. ಸೂಜಿ ಕೈಗೆತ್ತಿಕೊಂಡರು. ನಮ್ಮ ಮನೆಯಲ್ಲಿ ನಲ್ಲಿ ಸೋರಲಿ, ಮಗನ ಮುಖ ಊದಲಿ, ಅತ್ತೆಯ ಬಾಯಿ ತೆರೆದುಕೊಳ್ಳುವುದು ನನ್ನ ಹೆಸರಿಗೇ. ಈ ಹಲ್ಲು ಹೋದರೂ ನನ್ನ ತಲೆಗೇ ಎಂದುಕೊಂಡೆ.

ಅತ್ತೆ ಗಪ್ಪನೆ ಬಾಯಿ ಮುಚ್ಚಿ, ನನ್ನತ್ತ ಬೆರಳು ಮಾಡಿದರು.

“ಇವಳನ್ನ ಕೇಳಿ. ಯಾವ ಹಲ್ಲಲ್ಲಿ ಇವಳ ತಲೆ ತಿಂತೀನಿ ಅಂತ ಇವಳಿಗೆ ಗೊತ್ತು.”

“ಎಡಗಡೆದು, ಸರ್. ಅದನ್ನ ಮುಟ್ಟಬೇಡಿ,” ಎಂದೆ. ಪರದೆಯತ್ತ ತಿರುಗಿದೆ. ಎಕ್ಸ್‌ರೇಯ ಮೂಲೆಯಲ್ಲಿ ಅತ್ತೆಯ ಹೆಸರು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ ನಿಂತಿತ್ತು. ತೋರಿಸಿದೆ. ಡಾಕ್ಟರು ಬೆವರೊರೆಸಿಕೊಂಡು, ಎಡವಟ್ಟಾಯಿತು ಎಂದು ಗೊಣಗಿದರು. ಎಡ ಯಾವುದೆಂದು ಕೊನೆಗಾದರೂ ತಿಳಿಯಿತಲ್ಲ.

ಬಲಗಡೆಯ ಹಲ್ಲು ಕಿತ್ತದ್ದಾಯಿತು. ಎಕ್ಸ್‌ರೇಗಳನ್ನು ಹಳೆಯ ಪ್ರೋಗ್ರಾಮಿಗೇ ಮತ್ತೆ ಗಂಟು ಹಾಕಿದೆ.

ಸಂಜೆ ಮನೆಯಲ್ಲಿ ಹಾಲು ಉಕ್ಕಿತು. ಒಲೆಯ ಮುಂದೆ ಫೋನ್ ನೋಡುತ್ತ ನಿಂತಿದ್ದವರು ನನ್ನ ಗಂಡ. ಊದಿದ ಕೆನ್ನೆಯ ಅತ್ತೆ ಅಭ್ಯಾಸಬಲದಿಂದ ನನ್ನತ್ತ ಬಾಯಿ ತೆರೆದರು. ತೆರೆದವರು ಹಾಗೇ ನಿಂತು, ಮಗನ ಕಡೆ ತಿರುಗಿದರು. ಮದುವೆಯಾದಾಗಿನಿಂದ ಮೊದಲ ಸಲ ಬೈಗುಳ ಸರಿಯಾದ ವಿಳಾಸಕ್ಕೆ ಹೋಯಿತು. ನನಗೆ ಅಳು ಬಂತು.